ಧೂಳಿನ ಗಾಜು

ಡಾಕ್ಟ್ರಮ್ಮನ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಒಂಟಿ ಕೊಳವೆಯ ಹಳೆಯ ಮೈಕ್ರೋಸ್ಕೋಪಿನಲ್ಲಿ ಓದಿ ಬಂದವರು ಅವರು. ಬಲಗಣ್ಣನ್ನು ಕೊಳವೆಗಿಟ್ಟು ಎಡಗಣ್ಣನ್ನು ಮುಚ್ಚಿ ಮುಚ್ಚಿ, ಕೊನೆಗೆ ಆ ರೆಪ್ಪೆ ಪೂರ್ತಿ ಮೇಲೇಳುವುದನ್ನೇ ಮರೆತುಬಿಟ್ಟಿತ್ತು. "ಎರಡೂ ಕಣ್ಣು ತೆರಕೊಂಡು ನೋಡ್ರಿ ಅಂತ ನಮ್ಮ ಮೇಷ್ಟ್ರು ಬಡಕೊಂಡ್ರು. ನಾ ಯಾರ ಮಾತು ಕೇಳಾಕಿ?" ಎನ್ನುತ್ತಿದ್ದರು. ಹೊಸಬರಿಗೆ ಅವರು ಕಣ್ಣು ಹೊಡೆಯುತ್ತಿದ್ದಾರೆ ಅಂತಲೇ ಅನ್ನಿಸುತ್ತಿತ್ತು. ಹೊಸದಾಗಿ ದುಡ್ಡು ಕಂಡ ಲಾರಿ ಮಾಲೀಕನೊಬ್ಬ ಸಕ್ಕರೆ ಪರೀಕ್ಷೆಗೆ ಬಂದಿದ್ದ. ಒಳಗೆ ಹೋಗಿ ಅವರೊಂದಿಗೆ ಮಾತಾಡಿ ಬಂದವನು ನನ್ನ ಮೇಜಿನ ಹತ್ತಿರ ಬಗ್ಗಿ, "ಮೇಡಂ ಅವ್ರು ನನಗ್ಯಾಕ ಕಣ್ಣು ಹೊಡದ್ರು?" ಎಂದು ಪಿಸುಗುಟ್ಟಿದ. "ನಿಮ್ಮ ಸಕ್ಕರೆ ನೋಡಿ ಹೊಡದಿರಬೇಕ್ರಿ. ಭಾಳ ಐತಿ," ಎಂದೆ. ಪಾಪ, ಮುಖ ಸಪ್ಪಗೆ ಮಾಡಿಕೊಂಡು ಮೆಟ್ಟಿಲಿಳಿದು ಹೋದ.

ಹೊಸಪೇಟೆಯ ಸ್ಟೇಷನ್ ರಸ್ತೆಯ ಹತ್ತಿರದ ಓಣಿಯಲ್ಲಿ, ಟೈರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಲ್ಯಾಬು ಇತ್ತು. ಊರಿನ ಮಕ್ಕಳ ಡಾಕ್ಟರುಗಳೆಲ್ಲ ಗುಣವಾಗದ ಜ್ವರ, ಏರದ ರಕ್ತ, ಕಾರಣವಿಲ್ಲದೆ ಮೈಮೇಲೆ ಏಳುವ ನೀಲಿ ಕಲೆ ಇಂಥವನ್ನೆಲ್ಲ ಅವರ ಹತ್ತಿರಕ್ಕೇ ಕಳಿಸುತ್ತಿದ್ದರು. ನಾನು ಪಾಪಿನಾಯಕನಹಳ್ಳಿಯವಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದೆ. ಮೊದಲ ದಿನ ಒಬ್ಬರ ಬೆರಳು ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಮೇಲೆ ಎಳೆದು ಕೊಟ್ಟೆ. ಡಾಕ್ಟ್ರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಕಸದ ಬುಟ್ಟಿಗೆ ಎಸೆದರು. "ರೊಟ್ಟಿ ತಟ್ಟಿದಂಗ ತಟ್ಟೀಯಲ್ಲವ್ವ. ಇದರಾಗ ಏನ್ ನೋಡ್ಲಿ? ದ್ವಾಸಿ ಹುಯ್ದಂಗ ತೆಳ್ಳಗ ಎಳೀಬೇಕು." ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಂಜೆಗೆ ಬಿಟ್ಟು ಹೋಗಬೇಕು ಅಂತಿದ್ದೆ. ಹೋಗಲಿಲ್ಲ. ವರ್ಷಗಳ ಮೇಲೆ ಅವರು ಲ್ಯಾಬನ್ನೇ ಮುಚ್ಚುವ ತನಕ ಅಲ್ಲೇ ಇದ್ದೆ.

ಅವರು ಕಂಪ್ಲಿಯ ಅಕ್ಕಿ ಗಿರಣಿಯ ಮನೆಯವರು. ಗಂಡ ಬಳ್ಳಾರಿಯಲ್ಲಿ ವಕೀಲರು. ವಾರಕ್ಕೊಮ್ಮೆ ಬಂದು, ಇಬ್ಬರೂ ಜಗಳವಾಡದೆ ಊಟ ಮಾಡಿ, ಸೋಮವಾರ ಬಸ್ಸು ಹತ್ತುತ್ತಿದ್ದರು. ಡಾಕ್ಟ್ರಮ್ಮನ ಉಗುರುಗಳು ಯಾವಾಗಲೂ ನೇರಳೆ ಬಣ್ಣ. ರಕ್ತದ ಸ್ಲೈಡಿಗೆ ಹಾಕುವ ಬಣ್ಣ ಉಗುರಿನ ಸಂದಿಗೆ ಹೋದರೆ ಹೋಗುವುದೇ ಇಲ್ಲ. ನನ್ನ ಮದುವೆಗೆ ಬಂದು ಎಲೆಯ ಮುಂದೆ ಕೂತಾಗ ನಮ್ಮ ಅತ್ತೆಯವರು ಆ ಉಗುರು ನೋಡಿ, "ನಿಮ್ಮ ಡಾಕ್ಟ್ರಮ್ಮಂಗ ಕೈ ತೊಳಿಯೋ ರೂಢಿ ಇಲ್ಲೇನು?" ಎಂದು ಕೇಳಿದ್ದರು.

ದಿನಾ ಮಧ್ಯಾಹ್ನ ಕಳೆದ ಮೇಲೆ ಕುರ್ಚಿಗೆ ಒರಗಿ, ಎರಡೂ ಅಂಗೈಯಿಂದ ಕಣ್ಣು ಉಜ್ಜಿಕೊಂಡು, "ಸಾಕಾಗೇತವ್ವ," ಎನ್ನುತ್ತಿದ್ದರು. ಹಾಗೆಂದ ಮರುಗಳಿಗೆ ಕೈ ಚಾಚಿ, "ಇನ್ನೊಂದು ಕೊಡು." ಇವೆರಡೂ ಮಾತು ಅವರ ಬಾಯಲ್ಲಿ ಗಂಡ ಹೆಂಡತಿಯ ಹಾಗೆ ಜೊತೆಯಲ್ಲೇ ಬರುತ್ತಿದ್ದವು.

ಆಗ ನಮ್ಮ ಕಡೆ ಅದಿರಿನ ಸುಗ್ಗಿ. ಸಂಡೂರಿನ ಗುಡ್ಡ ಅಗೆದು, ಚೀನಾಕ್ಕೆ ಹೋಗುವ ಕಬ್ಬಿಣದ ಅದಿರು ತುಂಬಿಕೊಂಡ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದವು. ಗಿಡದ ಎಲೆ ಕೆಂಪು, ದನದ ಬೆನ್ನು ಕೆಂಪು, ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೂ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಊರಿನವರು ಅದನ್ನು ಒರೆಸಿ, ಉಗಿದು, ಮತ್ತೆ ಒರೆಸಿ ಬದುಕುತ್ತಿದ್ದರು. ಆದರೆ ನಮ್ಮ ಕೆಲಸಕ್ಕೆ ಅದು ದೊಡ್ಡ ಶನಿ. ಹಸಿ ರಕ್ತದ ಮೇಲೆ, ಬಣ್ಣದ ಮೇಲೆ, ಎಣ್ಣೆಯ ಹನಿಯ ಮೇಲೆ, ಎಲ್ಲಿ ನೋಡಿದರಲ್ಲಿ ಕೆಂಪು ಪುಡಿ.

ಮಕ್ಕಳ ರಕ್ತದ ಕ್ಯಾನ್ಸರೆಂದರೆ ಒಂದೇ ರೋಗ ಅಂತ ಜನ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅಲ್ಲಿ ಕೂತ ಮೇಲೆ ಗೊತ್ತಾಯಿತು, ಅದರಲ್ಲಿ ಮುಖ್ಯವಾಗಿ ಎರಡು ಮನೆತನ. ಒಂದು ಲಿಂಫಾಯ್ಡ್, ಇನ್ನೊಂದು ಮೈಲಾಯ್ಡ್. ಎರಡರಲ್ಲೂ ಮಗುವಿಗೆ ಅದೇ ಜ್ವರ, ಅದೇ ಸುಸ್ತು, ಅದೇ ಬಿಳಿಚಿದ ಮುಖ. ಸ್ಲೈಡಿನಲ್ಲೂ ಅದೇ ದೊಡ್ಡ ದೊಡ್ಡ, ಇನ್ನೂ ಬಲಿಯದ ಬಿಳಿ ರಕ್ತಕಣಗಳು. ಆದರೆ ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ನಡೆಯುವುದಿಲ್ಲ. ಕಣದ ಒಳಗೆ ಸಣ್ಣ ಕೆಂಪು ಕಾಳುಗಳೋ, ಸೂಜಿಯಂಥ ಗೆರೆಯೋ ಕಂಡರೆ ಅದು ಮೈಲಾಯ್ಡ್ ಕಡೆಯದು. ಗುಮಾನಿ ಬಂದರೆ ಕಪ್ಪು ಬಣ್ಣದ ಪರೀಕ್ಷೆ ಮಾಡುತ್ತಿದ್ದರು. ಕಣ ಕಪ್ಪಾದರೆ ಮೈಲಾಯ್ಡ್, ಆಗದಿದ್ದರೆ ಹೆಚ್ಚಾಗಿ ಲಿಂಫಾಯ್ಡ್.

"ನಮ್ಮ ಗಿರಣ್ಯಾಗ ಎರಡು ಜಾತಿ ಅಕ್ಕಿ ಕಲಸಿ ತಂದ್ರ ನಮ್ಮಪ್ಪ ನಾಕು ಕಾಳು ಬಾಯಿಗೆ ಹಾಕ್ಕೊಂಡು ಹೇಳ್ತಿದ್ದ, ಇದು ಇದು, ಅದು ಅದು ಅಂತ. ನಂಗ ಬಾಯಿಗೆ ಹಾಕ್ಕೊಳೋ ಭಾಗ್ಯ ಇಲ್ಲ, ಕಣ್ಣಾಗ ಹಾಕ್ಕೋಬೇಕು," ಎನ್ನುತ್ತಿದ್ದರು ಡಾಕ್ಟ್ರಮ್ಮ.

ಗಣಿಯ ಅಬ್ಬರ ಶುರುವಾದ ಹೊಸದರಲ್ಲಿ ಅವರ ಕಣ್ಣೂ ಮೋಸಹೋಗಿತ್ತು. ಒಂದು ಮಗುವಿನ ಸ್ಲೈಡಿನ ಕಣಗಳ ಮೇಲೆ ಕೂತಿದ್ದ ಅದಿರಿನ ಪುಡಿಯನ್ನು ಕೆಂಪು ಕಾಳುಗಳೆಂದು ತಿಳಿದು ಮೈಲಾಯ್ಡ್ ಎಂದು ಬರೆದು ಕೊಟ್ಟರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಮತ್ತೆ ಪರೀಕ್ಷೆ ಮಾಡಿದಾಗ ಲಿಂಫಾಯ್ಡ್ ಎಂದಾಯಿತು. ಔಷಧ ಶುರುಮಾಡುವ ಮೊದಲೇ ಗೊತ್ತಾದದ್ದರಿಂದ ಮಗುವಿಗೆ ತೊಂದರೆಯಾಗಲಿಲ್ಲ. ಆದರೆ ಅಲ್ಲಿನ ಡಾಕ್ಟರು ಫೋನು ಮಾಡಿ, "ಏನು ಮೇಡಂ, ನಿಮ್ಮೂರಲ್ಲಿ ಜನರ ರಕ್ತದಲ್ಲೂ ಅದಿರು ಸಿಗುತ್ತಾ?" ಎಂದು ನಕ್ಕರಂತೆ. ಆ ಮಾತು ಡಾಕ್ಟ್ರಮ್ಮನಿಗೆ ಮುಳ್ಳಿನಂತೆ ನೆಟ್ಟಿತು.

ಮಾರನೆಯ ದಿನದಿಂದಲೇ ಹೊಸ ಪದ್ಧತಿ ಬಂತು. ಬೆಳಿಗ್ಗೆ ನಾನು ಬಂದ ಕೂಡಲೇ ತೊಳೆದ ಖಾಲಿ ಸ್ಲೈಡೊಂದನ್ನು ಕಿಟಕಿಯ ಕಟ್ಟೆಯ ಮೇಲೆ ಇಡಬೇಕು. ಕಸ ಗುಡಿಸಿ, ದೀಪ ಹಚ್ಚಿ, ಬಣ್ಣ ಸೋಸುವಷ್ಟರಲ್ಲಿ ಅದರ ಮೇಲೆ ಆ ದಿನದ ಧೂಳು ಬಿದ್ದಿರುತ್ತಿತ್ತು. ಅದಕ್ಕೂ ರಕ್ತಕ್ಕೆ ಹಾಕುವ ಬಣ್ಣವನ್ನೇ ಹಾಕಿ, ಒಣಗಿಸಿ, ಮೊದಲು ಅವರ ಕೈಗೆ ಕೊಡಬೇಕು. ಅದಕ್ಕೆ ಧೂಳಿನ ಗಾಜು ಎಂದು ಹೆಸರು. "ತಾ, ಇವತ್ತು ನಮ್ಮ ಧೂಳವ್ವ ಯಾವ ಸೀರಿ ಉಟ್ಕೊಂಡು ಬಂದಾಳ ನೋಡೋಣ," ಎಂದು ಅದನ್ನು ನೋಡುತ್ತಿದ್ದರು. ಗಾಳಿ ಬಂದ ದಿನ ಒಂಥರ, ಮಳೆ ಬಿದ್ದ ಮರುದಿನ ಒಂಥರ. ಅದನ್ನು ನೋಡಿ ಮುಗಿಸಿದ ಮೇಲೆಯೇ ರೋಗಿಗಳ ಸ್ಲೈಡು. ಅನುಮಾನ ಬಂದಲ್ಲೆಲ್ಲ ಮೈಕ್ರೋಸ್ಕೋಪಿನ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಿದ್ದರು. ಹಾಗೆ ತಿರುಗಿಸಿದಾಗ ಕಣ ಮಸುಕಾಗಿ ಪುಡಿಯೊಂದೇ ಸ್ಪಷ್ಟವಾದರೆ ಅದು ಮೇಲೆ ಬಿದ್ದ ಧೂಳು. ಕಣದ ಜೊತೆಯಲ್ಲೇ ಸ್ಪಷ್ಟವಾಗಿ, ಜೊತೆಯಲ್ಲೇ ಮಸುಕಾದರೆ ಅದು ಒಳಗಿನದು. "ಮ್ಯಾಲಿರೋದು ಧೂಳು, ಒಳಗಿರೋದು ರೋಗ. ತಿರುಪು ತಿರುಗಿಸದೆ ಬಾಯಿ ತೆರೀಬ್ಯಾಡ." ಕೆಲಸ ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವರು ಕೊಟ್ಟ ಮೊದಲ ಪಾಠ ಇದೇ.

ಒಂದು ವರ್ಷ ಮೇಲಿಂದ ಮೇಲೆ ಮಕ್ಕಳು ಬಂದವು. ನಾವು ರೋಗಕ್ಕೆ ಹೆಸರಿಟ್ಟು ಕಳಿಸುವುದು, ಬೆಂಗಳೂರಿಗೆ ಹೋದವರಲ್ಲಿ ಎಷ್ಟೋ ಜನ ಬರಿಗೈಯಲ್ಲಿ ಮರಳುವುದು. ಬಂದು ನಮ್ಮ ಬಾಗಿಲಲ್ಲೇ ಕೂತು ಅಳುತ್ತಿದ್ದರು, ನಾವೇ ಆ ಮಕ್ಕಳನ್ನು ಕಡೆಯದಾಗಿ ಚೆನ್ನಾಗಿ ನೋಡಿದವರು ಎಂಬಂತೆ. ನನಗೆ ಸಾಕಾಗಿ ಹೋಯಿತು. ಒಂದು ದಿನ ಕೇಳಿಯೇಬಿಟ್ಟೆ: "ಮೇಡಂ, ಯಾವ ಜಾತಿ ಅಂತ ಗೊತ್ತಾಗಿ ಏನಾಗೋದೈತ್ರಿ? ಹೋಗೋವು ಹೋಗೇ ಹೋಗ್ತಾವಲ್ಲ."

ಅವರು ಸ್ಲೈಡಿನಿಂದ ತಲೆಯೆತ್ತಲಿಲ್ಲ. "ರಾಮಪ್ಪನ ಮನಿ ಮುಂದ ನಿಂತು ಭೀಮಪ್ಪಾ ಅಂತ ಕೂಗಿದ್ರ ಯಾರು ಬಾಗ್ಲ ತೆಗೀತಾರ? ಸರಿಯಾದ ಹೆಸ್ರು ಕರದ್ರ ಒಬ್ರಾದ್ರೂ ತೆಗೀಬೌದು. ನಮ್ಮ ಕೆಲ್ಸ ಕರಿಯೋದು," ಎಂದರು. ಆ ಸ್ಲೈಡನ್ನು ತೆಗೆದು ಪಕ್ಕಕ್ಕಿಟ್ಟು, "ಸಾಕಾಗೇತವ್ವ. ಇನ್ನೊಂದು ಕೊಡು."

ಆಮೇಲೆ ನನ್ನ ಅಕ್ಕನ ಮಗಳು ಬಂದಳು.

ಅಕ್ಕನನ್ನು ಬಂಡ್ರಿಗೆ ಕೊಟ್ಟಿದ್ದೆವು. ಭಾವ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಅವರಿಗೆ ಒಬ್ಬಳೇ ಮಗಳು, ಗಿರಿಜಾ. ಹಾಲುಹಲ್ಲು ಬೀಳುವ ವಯಸ್ಸು. ಜ್ವರ ಬಂದು ಬಂದು ಹೋಗುತ್ತಿತ್ತು. ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು. ಕಾಲ ಮೇಲೆ ನೀಲಿ ಕಲೆಗಳಿದ್ದವು, "ಎಲ್ಲಿ ಬಿದ್ದಾಳೋ ಏನೋ" ಎಂದಳು ಅಕ್ಕ. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಅದಕ್ಕೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಕೆಳಗಿನ ಹಲ್ಲೊಂದು ಅಲ್ಲಾಡುತ್ತಿತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದರು. ಹೊಸಪೇಟೆಯ ಮಕ್ಕಳ ಡಾಕ್ಟರು ಅವಳನ್ನು ನೋಡಿ ನಮ್ಮ ಲ್ಯಾಬಿಗೆ ಕಳಿಸಿದರು. "ಚಿಗವ್ವ, ನೋಯ್ತೈತೇನು?" ಎಂದು ಕೇಳಿದಳು. "ಇಲ್ಲವ್ವ, ಇರುವಿ ಕಡದಂಗ," ಎಂದು ಬೆರಳು ಚುಚ್ಚಿದೆ. ಹತ್ತಿಯ ಮೇಲೆ ಹತ್ತಿ ಒತ್ತಿದರೂ ರಕ್ತ ನಿಲ್ಲಲೊಲ್ಲದು.

ಡಾಕ್ಟ್ರಮ್ಮ ಸ್ಲೈಡು ನೋಡುತ್ತಿರುವಾಗ ನಾನು ಎದುರಿನ ಸ್ಟೂಲಿನ ಮೇಲೆ ಕೂತಿದ್ದೆ. ಬೇರೆ ದಿನವಾಗಿದ್ದರೆ ಕೂರಲು ಬಿಡುತ್ತಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು. "ಅದೇ ಐತವ್ವ," ಎಂದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. "ಅಳಬ್ಯಾಡ. ಲಿಂಫಾಯ್ಡ್ ಕಂಡಂಗ ಐತಿ. ಮಕ್ಕಳಿಗೆ ಬರೋದ್ರಾಗ ಅದು ಸ್ವಲ್ಪ ಮಾತು ಕೇಳೋ ಜಾತಿ." ಮತ್ತೆ ಬಗ್ಗಿ ನೋಡಿದರು. "ಇಲ್ಲೊಂದು ಕೆಂಪು ಗೆರಿ ಐತಿ..." ಎಂದವರು ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. "ಧೂಳು. ಬೆಳಿಗ್ಗೆ ಗಾಜು ತುಂಬಿ ತುಳುಕ್ತಿತ್ತಲ್ಲ," ಎಂದು ತಾವೇ ಉತ್ತರ ಹೇಳಿಕೊಂಡು ದೀಪ ಆರಿಸಿದರು. ಅಂದು ಗಾಳಿ ಜೋರಾಗಿದ್ದದ್ದು ನಿಜ. "ಸೋಮವಾರ ಬೆಂಗಳೂರಿಗೆ ಕರ್ಕೊಂಡು ಹೋಗ್ರಿ, ನಾ ಅಲ್ಲಿಗೆ ಮಾತಾಡ್ತೀನಿ. ಎರಡು ದಿನ ತಡ ಆದ್ರ ಏನೂ ಆಗಂಗಿಲ್ಲ," ಎಂದು ಅಕ್ಕನಿಗೆ ಹೇಳಿದರು. ಅಕ್ಕ ಬಟ್ಟೆಬರೆ ಹೊಂದಿಸಿಕೊಳ್ಳಲು ಮಗಳನ್ನು ಕರೆದುಕೊಂಡು ಬಂಡ್ರಿಗೆ ಹೋದಳು. ಡಾಕ್ಟ್ರಮ್ಮ, "ಸಾಕಾಗೇತವ್ವ," ಎಂದರು. ಆ ದಿನ ಇನ್ನೊಂದನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ರಜೆ ಕೇಳೋಣವೆಂದು ಬೇಗ ಹೋದರೆ ಲ್ಯಾಬಿನ ಬಾಗಿಲು ಆಗಲೇ ತೆರೆದಿತ್ತು. ಡಾಕ್ಟ್ರಮ್ಮ ನಿನ್ನೆಯ ಸೀರೆಯಲ್ಲೇ ಇದ್ದರು. ಮುಂದೆ ಮೂರು ಸ್ಲೈಡು. ನನ್ನನ್ನು ನೋಡಿ ಬೈಯುವ ದನಿಯಲ್ಲಿ, "ಬಾ ಇಲ್ಲಿ, ನೋಡು," ಎಂದರು.

ಮೊದಲನೆಯದು ನಿನ್ನೆಯ ಧೂಳಿನ ಗಾಜು. ಅದರಲ್ಲಿ ಕೆಂಪು ಪುಡಿ, ಕೆಂಪು ಹರಳು. ಎರಡನೆಯದು ಗಿರಿಜಾಳದು. ಒಂದು ದೊಡ್ಡ ಕಣದೊಳಗೆ ಸೂಜಿಯಂಥ ತೆಳುವಾದ ಕೆಂಪು ಗೆರೆ. ಅವರು ನನ್ನ ಕೈಯನ್ನು ತಿರುಪಿನ ಮೇಲಿಟ್ಟು ತಾವೇ ಅದನ್ನು ತಿರುಗಿಸಿದರು. ಕಣ ಮಸುಕಾದಾಗ ಗೆರೆಯೂ ಮಸುಕಾಯಿತು. ಕಣ ಸ್ಪಷ್ಟವಾದಾಗ ಗೆರೆಯೂ ಸ್ಪಷ್ಟವಾಯಿತು.

"ಗಾಜು ಪೂರಾ ಹುಡುಕೀನಿ. ಧೂಳಿನಾಗ ಸೂಜಿ ಒಂದೂ ಇಲ್ಲ. ಮಣ್ಣಿಗೆ ಸೂಜಿ ಎಲ್ಲಿಂದ ಬರಬೇಕು?" ಎಂದರು. ಮೂರನೆಯದು, ಗಿರಿಜಾಳದೇ ಮಿಕ್ಕಿದ್ದ ಸ್ಲೈಡಿನ ಮೇಲೆ ಆಗ ತಾನೇ ಮಾಡಿದ ಕಪ್ಪು ಬಣ್ಣದ ಪರೀಕ್ಷೆ. ನೋಡಿದೆ. ಕಣಗಳೆಲ್ಲ ಕಾಡಿಗೆ ಬಳಿದಂತೆ ಕಪ್ಪಾಗಿದ್ದವು. "ಮೈಲಾಯ್ಡ್. ಅದರಾಗೂ ಒಂದು ವಿಶೇಷ ಜಾತಿ ಅಂತ ನಂಗ ಅನಸ್ತೈತಿ. ಸರಿಯಾಗಿ ಗುರ್ತು ಹಿಡದ್ರ ಎಲ್ಲಾದ್ಕಿಂತ ಚಲೋ ವಾಸಿ ಆಗೋದು ಅದೇ. ಗುಳಿಗಿ ಐತಿ ಅದಕ್ಕ, ವಿಟಮಿನ್ ಎ ಕುಲದ್ದು. ಆದ್ರ ಗುರ್ತು ಹಿಡಿಯೋದ್ರೊಳಗ ಮೈಯೊಳಗ ರಕ್ತ ಒಡದು ಹರೀತಂದ್ರ ಮುಗೀತು. ಎರಡು ದಿನ ತಡ ಆದ್ರ ಏನೂ ಆಗಂಗಿಲ್ಲ ಅಂದ್ನಲ್ಲ ನಾನು, ಎರಡು ದಿನ ಇಲ್ಲ ಆ ಕೂಸಿಗೆ."

ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯುವಷ್ಟು ಬಂತು. "ನಿನ್ನಿ ಯಾಕ್ರಿ ತಿರುಪು ತಿರುಗಿಸ್ಲಿಲ್ಲ?" ಎಂದು ಕಿರುಚಿದೆ.

"ನೀ ಎದುರಿಗೆ ಕುಂತಿದ್ದಿ," ಎಂದರು ಅವರು. "ಮಾತು ಕೇಳೋ ಜಾತಿನೇ ಆಗ್ಲಪ್ಪ ಅಂತ ನನ್ನ ಕಣ್ಣೇ ಆಸಿ ಮಾಡ್ತು. ಧೂಳು ಹೆಂಗೂ ಇತ್ತಲ್ಲ, ಅದರ ತಲಿಗೆ ಕಟ್ಟಿದೆ. ಅಳೋದು ಆಮ್ಯಾಲೆ, ಫೋನ್ ಹಚ್ಚು."

ಭಾವನ ಮೊಬೈಲು ವ್ಯಾಪ್ತಿ ಪ್ರದೇಶದ ಹೊರಗಿತ್ತು. ಅಕ್ಕನ ಮನೆಯಲ್ಲಿ ಬೇರೆ ಫೋನಿಲ್ಲ. ಡಾಕ್ಟ್ರಮ್ಮ ಬೆಂಗಳೂರಿನ ಆಸ್ಪತ್ರೆಗೆ ಫೋನು ಮಾಡಿ ಮಾತಾಡಿದರು, ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು, ತಮ್ಮ ಕಾರಿನ ಡ್ರೈವರನ್ನು ಕೂಗಿದರು. ಬಿಸಿಲಲ್ಲಿ ನಾಲ್ಕು ಮೆಟ್ಟಿಲು ಇಳಿದರೆ ಏದುಸಿರು ಬಿಡುವ ಹೆಂಗಸು ನನಗಿಂತ ಮೊದಲು ಕಾರಿನಲ್ಲಿ ಕೂತಿದ್ದರು.

ಸಂಡೂರಿನ ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ನಿಂತುಬಿಟ್ಟಿದ್ದವು. ಮುಂದೆ ಎಲ್ಲೋ ಒಂದರ ಆಕ್ಸಲ್ ಮುರಿದಿತ್ತಂತೆ. ನಿತ್ಯದ ಗೋಳು. ಡಾಕ್ಟ್ರಮ್ಮ ಕಾರಿನಿಂದಿಳಿದು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಆ ಕೆಂಪು ಮೋಡದೊಳಗೆ ನಡೆದೇ ಹೋದರು. ನಾನು ಹಿಂದೆ ಓಡಿದೆ. ಸಾಲಿನ ಮುಂದಿದ್ದ ಲಾರಿಯ ಬಾಗಿಲು ಬಡಿದು, "ಏ ತಮ್ಮಾ, ಅಲ್ಲೊಂದು ಕೂಸು ಸಾಯಾಕ ಹತ್ತೇತಿ. ನಿನ್ನ ಮಣ್ಣು ಚೀನಾಕ್ಕ ನಾಳೆ ಹೋಗ್ಲಿ, ಗಾಡಿ ಬಾಜೂಕ ತಗೋ," ಎಂದರು. ಆತ ಅವರ ಅರೆಮುಚ್ಚಿದ ಕಣ್ಣನ್ನೇ ಒಂದು ಕ್ಷಣ ನೋಡಿದ. ಆಮೇಲೆ ಇಳಿದು, ಹಿಂದಿನವರಿಗೆಲ್ಲ ಕೂಗಿ ಹೇಳಿ, ಗಾಡಿಗಳನ್ನು ಮಣ್ಣಿಗಿಳಿಸಿ ನಮ್ಮ ಕಾರು ದಾಟುವಷ್ಟು ದಾರಿ ಮಾಡಿಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ಬಂಡ್ರಿಯಲ್ಲಿ ಅಕ್ಕನ ಮನೆಯ ಮುಂದೆ ಕಾರು ನಿಂತಾಗ ಗಿರಿಜಾ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿದ್ದಳು. ಕೆಳಗಿನ ಹಲ್ಲಿಗೆ ಬಿಳಿ ದಾರ ಕಟ್ಟಿತ್ತು. ದಾರದ ಇನ್ನೊಂದು ತುದಿ ಅವಳ ಅಜ್ಜಿಯ, ಅಂದರೆ ಭಾವನ ತಾಯಿಯ ಬೆರಳಿಗೆ ಸುತ್ತಿತ್ತು. ಪಕ್ಕದಲ್ಲಿ ಎಲೆಯ ಮೇಲೆ ಒಂದು ಉಂಡೆ ಸಗಣಿ. ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ, ಹೊಸ ಹಲ್ಲು ಚೆಂದ ಬರಲಿ ಅಂತ. ದೊಡ್ಡೂರಿಗೆ ಹೋಗುವ ಮೊದಲು ರಕ್ತ ಸೋರುವ ಆ ಹಲ್ಲೊಂದನ್ನು ಕಿತ್ತುಬಿಟ್ಟರೆ ಮಗುವಿಗೆ ಹಗುರಾಗುತ್ತದೆ ಅಂತ ಮುದುಕಿಯ ಲೆಕ್ಕಾಚಾರ. ಪ್ರೀತಿಯಿಂದಲೇ ಮಾಡುತ್ತಿದ್ದಳು, ಪಾಪ.

"ಕೈ ಬಿಡು! ದಾರ ಬಿಡು ಅಂದ್ರ ಬಿಡು!" ಡಾಕ್ಟ್ರಮ್ಮನ ದನಿಗೆ ಬೀದಿಯ ನಾಯಿಗಳೂ ಎದ್ದು ನಿಂತವು.

"ಯಾರವ್ವಾ ನೀನು, ನನ್ನ ಮನಿ ಅಂಗಳದಾಗ ನನಗ..." ಎಂದು ಮುದುಕಿ ಶುರುಮಾಡಿದಳು. ಆದರೆ ದಾರ ಬಿಟ್ಟಿದ್ದಳು. ಡಾಕ್ಟ್ರಮ್ಮ ಮಗುವಿನ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿ ಕೂತರು. ಆ ನೇರಳೆ ಉಗುರುಗಳಿಂದ ಹಲ್ಲಿನ ಬುಡದ ಗಂಟನ್ನು ಎಳೆ ಎಳೆಯಾಗಿ ಬಿಡಿಸಿದರು. ಎಳೆಯಲಿಲ್ಲ, ಕತ್ತರಿಸಲಿಲ್ಲ. ದಾರ ಕೈಗೆ ಬಂದ ಮೇಲೆ ಮಗುವಿನ ಕೆಳತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆಳೆದು ವಸಡು ನೋಡಿದರು. ಅಂಚಿನುದ್ದಕ್ಕೂ ರಕ್ತ ಕಟ್ಟಿತ್ತು. "ಈ ಹಲ್ಲು ತಾನಾಗೇ ಬೀಳ್ಲಿ. ಅಲ್ಲೀತನ ಯಾರೂ ಮುಟ್ಟಂಗಿಲ್ಲ. ನೀನೂ ನಾಲಿಗಿಲೆ ಆಡಸಂಗಿಲ್ಲ, ತಿಳೀತಾ?" ಎಂದರು. ಗಿರಿಜಾ ಹೂಂ ಎಂದು ತಲೆಯಾಡಿಸಿದಳು.

ಆಮೇಲೆ ಎದ್ದು ಅಕ್ಕನ ಎದುರು ಕೈಮುಗಿದರು. ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ಕೂಡಿದ್ದರು. "ತಂಗಿ, ನಿನ್ನಿ ನಾ ತಪ್ಪು ಹೇಳೀನಿ," ಎಂದರು.

ಅಕ್ಕನ ಮುಖ ಅರಳಿತು. "ಅಂದ್ರ ಕ್ಯಾನ್ಸರ್ ಅಲ್ಲೇನ್ರಿ ಮೇಡಂ?"

ದೇವರೇ, ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಡಾಕ್ಟ್ರಮ್ಮ ತಲೆ ತಗ್ಗಿಸಲಿಲ್ಲ. "ಅದೇ ಐತವ್ವ. ಆದ್ರ ಬ್ಯಾರೆ ಜಾತಿ. ಈಗಿಂದೀಗ ಹೋಗಬೇಕು. ನನ್ನ ಕಾರಿನಾಗ ಹೋಗ್ರಿ," ಎಂದರು. ಅಕ್ಕ ನಿಂತಲ್ಲೇ ಕುಸಿದಳು. ಮುದುಕಿ ಸಗಣಿಯ ಎಲೆಯನ್ನು ಸೆರಗಿನ ಮರೆಯಲ್ಲಿ ಅಡಗಿಸಿಕೊಂಡು ಅಳುತ್ತಿದ್ದಳು.

ಪಕ್ಕದ ಮನೆಯ ಹುಡುಗನೊಬ್ಬ ಸೈಕಲ್ ಮೇಲೆ ಹೋಗಿ ಭಾವನನ್ನು ಕರೆತಂದ. ಅಕ್ಕ, ಭಾವ, ಗಿರಿಜಾ, ನಾನು ಕಾರಿನಲ್ಲಿ ಹೊರಟೆವು. ಸ್ಲೈಡಿನ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟ ಡಾಕ್ಟ್ರಮ್ಮನಿಗೆ ಕಾರಿನಲ್ಲಿ ಜಾಗವಿರಲಿಲ್ಲ. "ನೀವು ಹೆಂಗ ಬರ್ತೀರಿ?" ಎಂದರೆ, "ನಿಮ್ಮೂರಾಗ ಲಾರಿಗೇನು ಬರ ಬಂದೇತೇನು?" ಎಂದರು. ಗಣಿ ಶುರುವಾದಾಗಿನಿಂದ ಲಾರಿಗಳಿಗೆ ಶಾಪ ಹಾಕುತ್ತಿದ್ದವರು ಅಂದು ಅದಿರಿನ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಹೊಸಪೇಟೆಗೆ ಬಂದರಂತೆ. ಮುಡಿಯಿಂದ ಅಡಿಯವರೆಗೆ ಕೆಂಪಾಗಿ ಮೆಟ್ಟಿಲು ಹತ್ತಿದವರನ್ನು ಟೈರ್ ಅಂಗಡಿಯವರು ಗುರುತೇ ಹಿಡಿಯಲಿಲ್ಲವಂತೆ.

ಬೆಂಗಳೂರಿನ ಡಾಕ್ಟರು ಡಬ್ಬಿ ತೆರೆದು ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. ಕೊನೆಯದನ್ನು ಬೆಳಕಿಗೆ ಹಿಡಿದು, "ಇದೇನಮ್ಮ, ಖಾಲಿ?" ಎಂದರು. "ಅದು ನಮ್ಮೂರಿನ ಧೂಳ್ರಿ ಸಾರ್. ಹೋಲಿಸಿ ನೋಡ್ಲಿ ಅಂತ ಮೇಡಂ ಕಳಿಸ್ಯಾರ," ಎಂದೆ. ಅವರು ನಗಲಿಲ್ಲ. ಎರಡನ್ನೂ ಮತ್ತೊಮ್ಮೆ ನೋಡಿ, ನರ್ಸನ್ನು ಕರೆದು ಗುಳಿಗೆ ಶುರುಮಾಡಲು ಹೇಳಿದರು. ದೊಡ್ಡ ಪರೀಕ್ಷೆಯ ಫಲಿತಾಂಶ ಬರುವ ತನಕ ಕಾಯಲಿಲ್ಲ. ಅದು ಬಂದಾಗಲೂ ಡಾಕ್ಟ್ರಮ್ಮ ಹೇಳಿದ ಹೆಸರೇ ಬಂತು.

ಸುಲಭವಾಗಿ ಏನೂ ಆಗಲಿಲ್ಲ. ಎರಡು ಬಾರಿ ಕೈಬಿಟ್ಟೇ ಹೋದಳು ಅಂದುಕೊಂಡೆವು. ಕೂದಲು ಉದುರಿತು, ಮುಖ ಊದಿತು, ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ಮಲಗಿ ಮಲಗಿ ಮುದುಕಿಯಾದಳು. ಆದರೆ ಗಿರಿಜಾ ಉಳಿದಳು. ಆ ಹಲ್ಲು ಅಲ್ಲೇ, ಆಸ್ಪತ್ರೆಯಲ್ಲೇ, ರಕ್ತವೆಲ್ಲ ಸರಿಹೋದ ಮೇಲೆ ಇಡ್ಲಿ ತಿನ್ನುವಾಗ ತಾನಾಗೇ ಬಿತ್ತು. ಅದನ್ನು ಜೋಪಾನವಾಗಿ ಇಟ್ಟುಕೊಂಡು ಬಂದವಳು ಬಂಡ್ರಿಗೆ ಹೋಗುವ ಮೊದಲು ನಮ್ಮ ಲ್ಯಾಬಿಗೆ ಬಂದು ಡಾಕ್ಟ್ರಮ್ಮನ ಕೈಗೆ ಕೊಟ್ಟಳು. ಇಂಥ ಪದ್ಧತಿಗಳನ್ನೆಲ್ಲ ಅಡಿಗಡಿಗೆ ಆಡಿಕೊಳ್ಳುತ್ತಿದ್ದ ಹೆಂಗಸು ಕಿಟಕಿ ತೆರೆದು, "ಸಗಣಿ ಇಲ್ಲವ್ವ, ಹತ್ತಿ ನಡೀತೈತೇನು?" ಎಂದು ಕೇಳಿ, ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಎದುರಿನ ತಗಡಿನ ಮಾಡಿನ ಮೇಲೆ ಎಸೆದರು. ಆಮೇಲೆ ಮುಖ ತಿರುಗಿಸಿಕೊಂಡು ಬಣ್ಣದ ಬಾಟಲಿ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬೀರುವಿನ ಮುಂದೆ ನಿಂತರು.

ಅಂದಿನಿಂದ ಗಿರಿಜಾ ಬಂದಾಗಲೆಲ್ಲ ಒಂದೇ ಮಾತು: "ಹಲ್ಲು ತೋರ್ಸು ಲೇ." ಅವಳು ಮುಂದೆ ಬಂದು ನಿಂತರೆ, ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ವಸಡು ನೋಡುವರು. "ಹೂಂ. ಹೋಗು," ಅಷ್ಟೇ. ಹುಡುಗಿ ದೊಡ್ಡವಳಾದಳು, ಲಂಗ ಬಿಟ್ಟು ಚೂಡಿದಾರ ಹಾಕಿದಳು, ಕಾಲೇಜಿಗೆ ಸೇರಿದಳು. ಗೆಳತಿಯರ ಎದುರಿಗೂ ಅದೇ "ಹಲ್ಲು ತೋರ್ಸು ಲೇ". "ಅಮ್ಮಾ, ಎಲ್ರೂ ನೋಡ್ತಾರ್ರಿ," ಎಂದು ನಾಚುತ್ತಲೇ ತುಟಿ ಎಳೆದು ತೋರಿಸುತ್ತಿದ್ದಳು. ಬೆಂಗಳೂರಿನವರು ಇನ್ನು ಹೆದರಿಕೆಯಿಲ್ಲ ಅಂತ ಹೇಳಿ ವರ್ಷಗಳಾಗಿದ್ದವು. ಡಾಕ್ಟ್ರಮ್ಮನಿಗೆ ಮಾತ್ರ ಆ ಒಂದು ದಿನದ ತಪ್ಪು ಮುಗಿದಿರಲೇ ಇಲ್ಲ. ಹೊಸದಾಗಿ ಕಲಿಯಲು ಬಂದವರಿಗೆಲ್ಲ ಅದನ್ನು ತಾವೇ ಹೇಳುತ್ತಿದ್ದರು. "ನಮ್ಮ ಮನಿ ಮಂದಿದು ಸ್ಲೈಡು ಬಂದ್ರ ಎರಡು ಸಲ ತಿರುಪು ತಿರುಗಿಸ್ರಿ. ಪ್ರೀತಿ ಇದ್ದಲ್ಲಿ ಧೂಳು ಜಾಸ್ತಿ ಕಾಣ್ತೈತಿ."

ಈ ನಡುವೆ ಗಣಿಗಳು ನಿಂತವು. ಲಾರಿಗಳು ರಸ್ತೆಯ ಪಕ್ಕದಲ್ಲಿ ತುಕ್ಕು ಹಿಡಿದವು. ಕೆಳಗಿನ ಟೈರ್ ಅಂಗಡಿ ಹೋಗಿ ಬೇಕರಿ ಬಂತು. ಪಂಚೆಗಳು ಮತ್ತೆ ಬಿಳಿಯಾದವು. ಧೂಳಿನ ಗಾಜಿನಲ್ಲಿ ಏನೂ ಇರದ ದಿನಗಳೂ ಬಂದವು, ಆದರೂ ಅವರು ಅದನ್ನು ಕೇಳುವುದು ಬಿಡಲಿಲ್ಲ. ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸಿದರೂ ಮೊದಲಿನ ಹಾಗೆ ಆಗಲಿಲ್ಲ. ಇಷ್ಟು ಕಾಲ ಮುಚ್ಚಿ ಕೂತಿದ್ದ ಎಡಗಣ್ಣಿಗೆ ಈ ಕೆಲಸ ಕಲಿಸಲು ಹೋಗಿ ಸೋತರು. ಒಂದು ದಿನ ಸ್ಲೈಡೊಂದನ್ನು ಮೂರು ಸಲ ನೋಡಿ, ನನ್ನ ಕಡೆ ಸರಿಸಿ, "ಸಾಕಾಗೇತವ್ವ," ಎಂದರು. ನಾನು ಕಾದೆ. ಇನ್ನೊಂದು ಕೊಡು ಎನ್ನಲಿಲ್ಲ. ಆ ವಾರವೇ ಲ್ಯಾಬು ಮುಚ್ಚಿ ಕಂಪ್ಲಿಗೆ ಹೋದರು.

ನಾನೀಗ ಇನ್ನೊಂದು ಲ್ಯಾಬಿನಲ್ಲಿದ್ದೇನೆ. ಎಣಿಸುವ ಯಂತ್ರ ಬಂದಿದೆ. ಸ್ಲೈಡು ಕೇಳುವವರು ಕಡಿಮೆ. ಬೆನ್ನು ನೋವು, ಕಣ್ಣು ಉರಿ, ಸಂಜೆಯಾದರೆ ನನ್ನ ಬಾಯಲ್ಲೂ ಅದೇ ಸಾಕಾಗೇತವ್ವ ಬರುತ್ತದೆ. ಎರಡನೆಯ ಮಾತು ಅವರಷ್ಟು ಬೇಗ ಬರುವುದಿಲ್ಲ. ಆದರೂ ಬರುತ್ತದೆ. ಅದು ಅವರು ಹೊರಿಸಿ ಹೋದ ಋಣ.

ಹೋದ ವರ್ಷ ಕಂಪ್ಲಿಯಿಂದ ಸುದ್ದಿ ಬಂತು. ನಾನು, ಅಕ್ಕ, ಗಿರಿಜಾ ಮೂವರೂ ಬಸ್ಸು ಹತ್ತಿ ಹೋದೆವು. ಗಿರಣಿಯ ಮನೆಯ ಪಡಸಾಲೆಯಲ್ಲಿ ಅವರನ್ನು ವಿಭೂತಿ ಹಚ್ಚಿ, ಹೂಮಾಲೆ ಹಾಕಿ ಕೂರಿಸಿದ್ದರು. ಅವರ ಎರಡೂ ಕಣ್ಣು ಒಂದೇ ಸಮನಾಗಿ ಮುಚ್ಚಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಉಗುರಿನ ಸಂದಿಯಲ್ಲಿ ನೇರಳೆ ಬಣ್ಣ ಉಳಿದಿರಲಿಲ್ಲ. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಜನ ಒಬ್ಬೊಬ್ಬರಾಗಿ ಪಾದ ಮುಟ್ಟಿ ಹೋಗುತ್ತಿದ್ದರು. ಗಿರಿಜಾಳ ಸರದಿ ಬಂತು. ಅವಳು ಪಾದ ಮುಟ್ಟಿದಳು. ಎದ್ದವಳು ಮುಂದೆ ಹೋಗಲಿಲ್ಲ. ಹಿಂದೆ ನಿಂತಿದ್ದವರು, "ನಡೀಯವ್ವ, ಮಂದಿ ಭಾಳ ಐತಿ," ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಡಾಕ್ಟ್ರಮ್ಮನ ಮುಖದ ಹತ್ತಿರ ಬಗ್ಗಿ, ತನ್ನ ಕೆಳತುಟಿಯನ್ನು ತಾನೇ ಹೆಬ್ಬೆರಳಿನಿಂದ ಎಳೆದು, ವಸಡು ತೋರಿಸುತ್ತ ಸ್ವಲ್ಪ ಹೊತ್ತು ಹಾಗೇ ನಿಂತಳು.